ನಮ್ಮ ಠ, ಲೋಕದ ಕಣ್ಣು

(ನವೆಂಬರ್ ತಿಂಗಳ ಒಂದು ಸಂಜೆ ನಮ್ಮೂರ ಗ್ರಂಥಾಲಯದಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ನವೆಂಬರ್ ಬಂತು ಅಂದರೆ ಕನ್ನಡದ ಬಗ್ಗೆ ದೊಡ್ಡ ದೊಡ್ಡ ಮಾತು ಕೇಳುತ್ತೀರಿ. ನಾನು ಇವತ್ತು ಒಂದೇ ಒಂದು ಅಕ್ಷರ ಹಿಡಿದುಕೊಂಡು ಬಂದಿದ್ದೇನೆ. ಅದು ಠ. ಟಗರಿನ ಟ ಆದಮೇಲೆ ಬರುತ್ತದಲ್ಲ, ಠಸ್ಸೆಯ ಠ.

ಹೋದ ಬೇಸಿಗೆ ರಜೆಗೆ ಅಕ್ಕನ ಮಗಳು ನಮ್ಮನೆಗೆ ಬಂದಿದ್ದಳು. ಎಂಟನೇ ಕ್ಲಾಸು. ನನ್ನದು ಬಸ್ ಸ್ಟ್ಯಾಂಡ್ ಹತ್ತಿರ ಒಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಪಂಚಾಯ್ತಿಗೆ ಕೊಡುವ ಅರ್ಜಿ, ಇವೇ ನನ್ನ ದಿನ. ನಾನು ಟೈಪ್ ಮಾಡುತ್ತಾ ಕೂತಿದ್ದೆ. ಅವಳು ಪಕ್ಕದ ಸ್ಟೂಲಿನ ಮೇಲೆ ಕೂತು ಫೋನಿನಲ್ಲಿ ಆಟ ಆಡುತ್ತಿದ್ದಳು. ಆ ಆಟದಲ್ಲಿ ಯಾವ್ಯಾವುದೋ ದೇಶದ ಮಕ್ಕಳು ಜೊತೆಗಿರುತ್ತಾರೆ. ಆಡುತ್ತಲೇ ಒಬ್ಬರಿಗೊಬ್ಬರು ಮೆಸೇಜ್ ಹಾಕುತ್ತಿರುತ್ತಾರೆ. ಇದ್ದಕ್ಕಿದ್ದ ಹಾಗೆ ಫೋನನ್ನು ನನ್ನ ಮುಖದ ಹತ್ತಿರ ತಂದಳು.

"ಚಿಕ್ಕಮ್ಮ, ಇದು ನಮ್ಮ ಠ ಅಲ್ವಾ?"

ನೋಡಿದೆ. ಹೀಗಿತ್ತು:

ಠ_ಠ

ನಮ್ಮದೇ ಠ. ಎರಡು ಠ, ನಡುವೆ ಒಂದು ಅಡ್ಡಗೆರೆ. ಕಳಿಸಿದ ಹುಡುಗನಿಗೆ ಕನ್ನಡ ಬರುವುದಿಲ್ಲ. ಅವನು ಇರುವುದು ಬ್ರೆಜಿಲ್‌ನಲ್ಲಂತೆ. ಅವನಿಗೆ ಅದು ಅಕ್ಷರವೇ ಅಲ್ಲ, ಒಂದು ಮುಖ. ಇವಳು ಆಟದಲ್ಲಿ ಏನೋ ತಪ್ಪು ಮಾಡಿದ್ದಳು. ಅದಕ್ಕೆ ಅವನು ಮಾತಿಲ್ಲದೆ ನೋಡಿದ ನೋಟ ಅದು.

ನಿಮಗೂ ಆ ನೋಟ ಗೊತ್ತು. ಹೋಂವರ್ಕ್ ಮಾಡಿಲ್ಲ ಸಾರ್ ಅಂದಾಗ ಮೇಷ್ಟ್ರು ಕನ್ನಡಕದ ಮೇಲಿಂದ ನೋಡುತ್ತಿದ್ದರಲ್ಲ, ಅದು. ನೆಂಟರ ಮುಂದೆ ನಾಲ್ಕನೇ ಹೋಳಿಗೆಗೆ ಕೈ ಹಾಕಿದಾಗ ಅಮ್ಮ ಅಡುಗೆಮನೆ ಬಾಗಿಲಿಂದ ನೋಡುತ್ತಿದ್ದಳಲ್ಲ, ಅದು. ಬೈಗುಳ ಇಲ್ಲ, ಕೋಪ ಅಂತಲೂ ಹೇಳೋಕಾಗಲ್ಲ. "ಏನಮ್ಮಾ ಇದು?" ಅನ್ನುವ ನೋಟ. ಇಂಗ್ಲಿಷಿನವರು ಇದಕ್ಕೆ 'ಒಪ್ಪದ ನೋಟ' ಅನ್ನುವ ಅರ್ಥದ ಹೆಸರು ಇಟ್ಟುಕೊಂಡಿದ್ದಾರೆ. ರೆಡಿಟ್‌ನಂಥ ಹರಟೆಯ ಜಾಲತಾಣಗಳಲ್ಲಿ ಇದು ಎಷ್ಟೋ ವರ್ಷದಿಂದ ಓಡಾಡುತ್ತಿದೆ.

ಈಗ ಅಕ್ಷರವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಒಂದು ದುಂಡು. ಅದರ ನಡುವೆ ಒಂದು ಚುಕ್ಕಿ. ಮೇಲೆ ತಲೆಕಟ್ಟು. ದುಂಡು ಕಣ್ಣಾಯಿತು, ಚುಕ್ಕಿ ಕಣ್ಣಿನ ಪಾಪೆ ಆಯಿತು. ತಲೆಕಟ್ಟು? ಅದು ಹುಬ್ಬು. ಸ್ವಲ್ಪ ಎತ್ತಿದ ಹುಬ್ಬು. ತಲೆಕಟ್ಟು ಇಲ್ಲದೇ ಹೋಗಿದ್ದರೆ ಅದು ಸುಮ್ನೆ ಬಿಟ್ಟ ಕಣ್ಣು ಅಷ್ಟೇ ಆಗುತ್ತಿತ್ತು, ಈ ನೋಟ ಬರುತ್ತಿರಲಿಲ್ಲ. ಒಂದನೇ ಕ್ಲಾಸಿನಲ್ಲಿ "ತಲೆಕಟ್ಟು ಮರೀಬೇಡಿ" ಅಂತ ಮೇಷ್ಟ್ರು ಹೇಳಿಕೊಟ್ಟಿದ್ದು ಇಡೀ ಲೋಕಕ್ಕೆ ಹುಬ್ಬಾಗಿ ಒದಗಿದೆ. ನನಗೆ ಇದನ್ನು ನೆನೆದರೆ ನಿಜವಾಗಿಯೂ ಖುಷಿ ಆಗುತ್ತದೆ.

ಇವಳ ಫೋನಿನಲ್ಲಿ ಇನ್ನೊಂದೂ ಇತ್ತು:

ಥ_ಥ

ಇದು ಅಳು. ಥ ಅಕ್ಷರದ ಕೆಳಗೆ ಒಂದು ಸಣ್ಣ ಗೀಟು ಇಳಿದಿರುತ್ತದಲ್ಲ, ಅದನ್ನು ನಾವು ಹೊಟ್ಟೆ ಸೀಳು ಅನ್ನುತ್ತೇವೆ. "ಹೊಟ್ಟೆ ಸೀಳಿಲ್ಲ ನೋಡು, ದನ ಅಂತ ಬರೆದಿದ್ದೀಯ, ಧನ ಆಗಬೇಕು" ಅಂತ ಬೈಸಿಕೊಂಡವರು ಈ ಕೋಣೆಯಲ್ಲೇ ಎಷ್ಟು ಜನ ಇದ್ದೀರೋ! ಆ ಹೊಟ್ಟೆ ಸೀಳು ಅವರ ಕಣ್ಣಿಗೆ ಕೆನ್ನೆ ಮೇಲೆ ಇಳಿಯುವ ಕಣ್ಣೀರಿನ ಹನಿ. ನಾವು ಅದನ್ನು ಮಹಾಪ್ರಾಣ ಅಂತ ಓದಿದೆವು. ಅವರು ದುಃಖ ಅಂತ ಓದಿದರು.

ಬರಹದಲ್ಲಿ ಮುಖ ಮಾಡುವ ಆಸೆ ಶುರುವಾಗಿದ್ದು ಎಲ್ಲಿಂದ ಅಂತ ಸ್ವಲ್ಪ ಹೇಳಬೇಕು. 1982ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಒಂದು ತಮಾಷೆ ನಡೆಯಿತು. ಅಲ್ಲಿಯವರು ಕಂಪ್ಯೂಟರಿನಲ್ಲಿ ಎಲ್ಲರೂ ಓದುವ ಹಾಗೆ ಮಾತುಕತೆ ಬರೆದು ಹಾಕುತ್ತಿದ್ದರು. ಯಾರೋ ಒಬ್ಬರು ತಮಾಷೆಗೆ, ಭೌತಶಾಸ್ತ್ರದ ಪ್ರಯೋಗದಿಂದ ಲಿಫ್ಟಿನಲ್ಲಿ ಪಾದರಸ ಚೆಲ್ಲಿದೆ ಎಂಬ ಅರ್ಥದಲ್ಲಿ ಬರೆದರು. ಕೆಲವರು ಅದನ್ನು ನಿಜ ಅಂದುಕೊಂಡರು. ಬರಹದಲ್ಲಿ ದನಿ ಕೇಳಿಸಲ್ಲ, ಮುಖ ಕಾಣಿಸಲ್ಲ. ತಮಾಷೆ ಯಾವುದು, ನಿಜ ಯಾವುದು ಗೊತ್ತಾಗೋದು ಹೇಗೆ? ಆಗ ಸ್ಕಾಟ್ ಫಾಲ್‌ಮನ್ ಎಂಬ ಕಂಪ್ಯೂಟರ್ ವಿಜ್ಞಾನಿ ಸೆಪ್ಟೆಂಬರ್ 19ರಂದು ಒಂದು ಉಪಾಯ ಹೇಳಿದರು. ತಮಾಷೆ ಬರೆದಾಗ ಪಕ್ಕದಲ್ಲಿ ಈ ಗುರುತು ಹಾಕಿ ಅಂದರು:

:-)

ಇದನ್ನು ನೋಡಬೇಕಾದರೆ ಕುತ್ತಿಗೆ ವಾಲಿಸಬೇಕು. ಜಪಾನಿನವರು ಕುತ್ತಿಗೆ ವಾಲಿಸಲಿಲ್ಲ. ಅವರು ನೆಟ್ಟಗೆ ನಿಂತ ಮುಖ ಮಾಡಿಕೊಂಡರು:

(^_^)

ಇದರಲ್ಲಿ ಒಂದು ಸೂಕ್ಷ್ಮ ಇದೆ. ಅಮೆರಿಕದ ಮುಖದಲ್ಲಿ ನಗು ಇರುವುದು ಬಾಯಲ್ಲಿ. ಜಪಾನಿನ ಮುಖದಲ್ಲಿ ನಗು ಇರುವುದು ಕಣ್ಣಲ್ಲಿ, ಬಾಯಿ ಬರೀ ಒಂದು ಗೆರೆ. ಕಣ್ಣಿಗೆ ಇಷ್ಟು ಬೆಲೆ ಬಂದ ಮೇಲೆ ಜನ ಕಣ್ಣಿನ ಹಾಗೆ ಕಾಣುವ ಅಕ್ಷರಗಳನ್ನು ಹುಡುಕತೊಡಗಿದರು. ಪ್ರಪಂಚದ ಲಿಪಿಗಳನ್ನೆಲ್ಲ ಜಾಲಾಡಿದರೆ ಇಷ್ಟು ಚೆನ್ನಾದ ಕಣ್ಣು ಸಿಕ್ಕಿದ್ದು ಎಲ್ಲಿ? ನಮ್ಮ ಟ ವರ್ಗದಲ್ಲಿ.

ಜಾಲಾಡೋಕೆ ಸಾಧ್ಯವಾಗಿದ್ದು ಹೇಗೆ ಅಂತ ಕೇಳಿದರೆ, ಅದು ನನ್ನ ಕಸುಬಿನ ಕಥೆ. ಮೊದಲು ನಮ್ಮ ಡಿಟಿಪಿಯಲ್ಲಿ ಒಂದೊಂದು ಸಾಫ್ಟ್‌ವೇರ್‌ಗೂ ಅದರದೇ ಫಾಂಟ್, ಅದರದೇ ಲೆಕ್ಕ. ನನ್ನ ಅಂಗಡಿಯಲ್ಲಿ ಟೈಪ್ ಮಾಡಿದ ಲಗ್ನಪತ್ರಿಕೆಯನ್ನು ತುಮಕೂರಿನ ಪ್ರೆಸ್ಸಿಗೆ ಕಳಿಸಿದರೆ, ಅಲ್ಲಿ ಆ ಫಾಂಟ್ ಇಲ್ಲದಿದ್ದರೆ, "ಶ್ರೀ ಗಣೇಶಾಯ ನಮಃ" ಹೋಗಿ ಇಂಗ್ಲಿಷಿನ ಚುಕ್ಕಿ, ಗೀಟು, ಅಡ್ಡಡ್ಡ ಅಕ್ಷರಗಳ ಕಸ ಬರುತ್ತಿತ್ತು. ಸಿ.ಡಿ.ಯಲ್ಲಿ ಫಾಂಟನ್ನೂ ಜೊತೆಗೆ ಹಾಕಿ ಕಳಿಸುತ್ತಿದ್ದೆವು. ಯೂನಿಕೋಡ್ ಬಂದು ಆ ಗೋಳು ತಪ್ಪಿತು. ಪ್ರಪಂಚದ ಒಂದೊಂದು ಅಕ್ಷರಕ್ಕೂ ಒಂದು ಖಾಯಂ ನಂಬರು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಇತ್ತು. 128 ಮನೆಗಳ ಒಂದು ಕೇರಿ ಅಂತ ಇಟ್ಟುಕೊಳ್ಳಿ, ಅದರಲ್ಲಿ ಒಂದು ಮನೆ ಠಕ್ಕೆ. ಬ್ರೆಜಿಲ್‌ನಲ್ಲಿ ಒತ್ತಿದರೂ ಅದೇ ಮನೆ ಬಾಗಿಲು ತೆರೆಯುತ್ತದೆ.

ಮನೆ ಇದ್ದರೆ ಸಾಲದು, ಕಾಣಿಸೋಕೆ ಫಾಂಟ್ ಬೇಕು. ಇಲ್ಲದಿದ್ದರೆ ಚೌಕದ ಡಬ್ಬಿ ಕಾಣಿಸುತ್ತದೆ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ಒಂದು ಕನ್ನಡ ಫಾಂಟ್ ಬಂತು. ಅದರ ಹೆಸರು ತುಂಗಾ. ನಮ್ಮ ನದಿಯ ಹೆಸರು! ಹೀಗೆ ಕನ್ನಡದ ಒಂದು ಅಕ್ಷರವನ್ನೂ ಓದದವರ ಕಂಪ್ಯೂಟರಿನೊಳಗೂ ಕನ್ನಡ ಹೋಗಿ ಕೂತಿತು. ಆಮೇಲೆ ಅದು ಅಲ್ಲಿ ಸುಮ್ಮನೆ ಕೂರಲಿಲ್ಲ, ಅಷ್ಟೇ.

ನೀವೆಲ್ಲ ದಿನಾ ಹಾಕುವ ಎಮೋಜಿಗಳದ್ದು ಬೇರೆ ದಾರಿ. ಅವು ಚಿತ್ರಗಳು. ಜಪಾನಿನ ಶಿಗೆತಾಕಾ ಕುರಿತಾ 1999ರಲ್ಲಿ ಅಲ್ಲಿನ ಒಂದು ಮೊಬೈಲ್ ಕಂಪನಿಗೆ 176 ಚಿತ್ರ ಮಾಡಿಕೊಟ್ಟರು. ಒಂದೊಂದೂ ಅಡ್ಡ 12, ಉದ್ದ 12 ಚುಕ್ಕಿ, ನಮ್ಮ ಚುಕ್ಕಿ ರಂಗೋಲಿ ಹಾಗೆ. 2010ರಲ್ಲಿ ನೂರಾರು ಎಮೋಜಿಗಳು ಯೂನಿಕೋಡಿಗೆ ಸೇರಿದವು. ಈಗ ಆ ನಗುವ ಹಳದಿ ಮುಖಗಳೂ ನಮ್ಮ ಠವೂ ಒಂದೇ ಪಟ್ಟಿಯಲ್ಲಿವೆ. ಆದರೆ ಹಳದಿ ಮುಖವನ್ನು ಒಬ್ಬರು ಕೂತು ಬರೆದಿದ್ದು. ಠದ ಮುಖವನ್ನು ಯಾರೂ ಬರೆದಿಲ್ಲ. ಅದು ಇತ್ತು. ಯಾರೋ ಕಂಡರು.

ಎಷ್ಟು ಕಾಲದಿಂದ ಇತ್ತು ಅಂದರೆ, ನಮ್ಮ ಲಿಪಿಯ ಹಿಂದೆ ಹೋಗುತ್ತಾ ಹೋದರೆ ಅಶೋಕನ ಕಾಲದ ಬ್ರಾಹ್ಮಿ ಸಿಗುತ್ತದೆ. ರಾಯಚೂರು ಜಿಲ್ಲೆಯ ಮಸ್ಕಿ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಇಲ್ಲೆಲ್ಲ ಆ ಬ್ರಾಹ್ಮಿಯ ಶಾಸನಗಳು ಬಂಡೆ ಮೇಲಿವೆ. ಬ್ರಾಹ್ಮಿಯಲ್ಲಿ ಠ ಅಂದರೆ ಏನು ಗೊತ್ತಾ? ಒಂದು ಸೊನ್ನೆ. ಬರೀ ದುಂಡು. ಥ ಅಂದರೆ? ದುಂಡಿನ ನಡುವೆ ಒಂದು ಚುಕ್ಕಿ. ಎರಡು ಸಾವಿರ ವರ್ಷಕ್ಕೂ ಹಿಂದೆ ಉಳಿ ಹಿಡಿದವನು ಕಲ್ಲಲ್ಲಿ ಕೊರೆದ ಆ ಎರಡು ದುಂಡುಗಳೇ ಬೆಳೆದು, ತಲೆಕಟ್ಟು ಬಂದು, ಹೊಟ್ಟೆ ಸೀಳು ಬಂದು, ಈಗ ಒಬ್ಬ ಬ್ರೆಜಿಲ್ ಹುಡುಗನ ಒಪ್ಪದ ನೋಟ ಒಂದು, ಅಳು ಇನ್ನೊಂದು. ನಾನು ಇದನ್ನು ಅಕ್ಕನ ಮಗಳಿಗೆ ಕಾಗದದ ಮೇಲೆ ಬರೆದು ತೋರಿಸಿದೆ. ಅವಳು ಆಟ ನಿಲ್ಲಿಸಿ ನೋಡಿದಳು. ಆ ರಜೆಯಲ್ಲಿ ಅವಳು ತಾನಾಗಿ ಆಟ ನಿಲ್ಲಿಸಿದ್ದನ್ನು ನಾನು ನೋಡಿದ್ದು ಆಗಲೇ.

ಹಾಗೆ ನೋಡಿದರೆ ಕನ್ನಡದಲ್ಲಿ ಠ ಜಾಸ್ತಿ ಬಳಕೆಯ ಅಕ್ಷರ ಅಲ್ಲ. ಅಡುಗೆಮನೆಯಲ್ಲಿ ಶುಂಠಿ, ಶಾಲೆಯಲ್ಲಿ ಪಾಠ, ಬ್ಯಾಂಕಿನಲ್ಲಿ ಠೇವಣಿ, ಮಕ್ಕಳಲ್ಲಿ ಹಠ. ಇನ್ನೂ ಒಂದಷ್ಟು ಪದ ಇವೆ, ಆದರೆ ದಿನದ ಮಾತಿನಲ್ಲಿ ಅದು ಅಲ್ಲೊಂದು ಇಲ್ಲೊಂದು. ನಮ್ಮ ತಂದೆ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದರು. ಮೊಳೆ ಪೆಟ್ಟಿಗೆಯಲ್ಲಿ ರ, ದ, ನ ಸವೆದು ಸವೆದು ಬದಲಾಗುತ್ತಿದ್ದವು, ಠ ಮಾತ್ರ ಹೊಸದರ ಹಾಗೆ ಹೊಳೆಯುತ್ತಾ ಕೂತಿರುತ್ತದೆ ಅನ್ನುತ್ತಿದ್ದರು. ಆದರೆ ಠ ಬಂದ ಕಡೆ ಮೈಯೆಲ್ಲ ಕಣ್ಣಾಗಿರಬೇಕಿತ್ತಂತೆ. ಯಾಕೆಂದರೆ ಠದ ಚುಕ್ಕಿ ಅಳಿಸಿದರೆ ಅದು ರ. ಮಠ ಹೋಗಿ ಮರ ಆಗುತ್ತದೆ. ಒಂದು ಸಲ ಒಂದು ಮಠದ ಜಾತ್ರೆಯ ಕರಪತ್ರದಲ್ಲಿ ಮೊಳೆಯ ಚುಕ್ಕಿ ಸರಿಯಾಗಿ ಮೂಡದೆ "ಶ್ರೀ ಮರದ ಜಾತ್ರಾ ಮಹೋತ್ಸವ" ಅಂತ ಅಚ್ಚಾಗಿತ್ತು. ಅಪ್ಪ ಅಷ್ಟೂ ಕರಪತ್ರಕ್ಕೆ ಪೆನ್ನಿನಲ್ಲಿ ಒಂದೊಂದೇ ಚುಕ್ಕಿ ಇಟ್ಟರು. ರಾತ್ರಿ ಊಟ ಮಾಡಿ ಮತ್ತೆ ಕೂತು ಚುಕ್ಕಿ ಇಟ್ಟರು. ಆ ಚುಕ್ಕಿಯೇ ಇವತ್ತು ಕಣ್ಣಿನ ಪಾಪೆ. ಅದು ಇಲ್ಲದಿದ್ದರೆ ನೋಟವೇ ಇಲ್ಲ.

ಅವತ್ತು ಅಂಗಡಿಯಲ್ಲಿ ನಾವಿಬ್ಬರೂ ಸೇರಿ ವರ್ಣಮಾಲೆಯಲ್ಲಿ ಮುಖ ಹುಡುಕಿದೆವು. ಅವಳು ಮಾಡಿದ್ದು ಇದು:

ರ_ರ

"ಕಣ್ಣಿದೆ, ಒಳಗೆ ಏನೂ ಇಲ್ಲ. ಪರೀಕ್ಷೆ ಹಿಂದಿನ ರಾತ್ರಿ ಚಿಕ್ಕಮ್ಮ" ಅಂದಳು. ಆಮೇಲೆ ನಮ್ಮ ಕನ್ನಡದ ಸೊನ್ನೆ ಇಟ್ಟು, "ಇದು ರಿಸಲ್ಟಿನ ದಿನ" ಅಂದಳು:

೦_೦

ನನಗೆ ಆಗ ಅನ್ನಿಸಿದ್ದನ್ನು ಹೇಳಲೇಬೇಕು, ಇದಕ್ಕಾಗಿಯೇ ಇಲ್ಲಿಗೆ ಬಂದಿದ್ದು. ಆ ಬ್ರೆಜಿಲ್ ಹುಡುಗನಿಗೆ ಠ ಒಂದು ಮುಖ ಮಾತ್ರ. ಅವನಿಗೆ ಅದರ ದನಿ ಕೇಳಿಸುವುದಿಲ್ಲ. ನಮಗೆ ಅದು ದನಿ. ನೋಡಿದ ತಕ್ಷಣ ಬಾಯಿ ತಾನಾಗಿ "ಠ" ಅನ್ನುತ್ತದೆ, ಬೇಡ ಅಂದರೂ ನಿಲ್ಲುವುದಿಲ್ಲ. ಕನ್ನಡ ಓದಲು ಬರುವವರಿಗೆ ಮಾತ್ರ ಎರಡೂ ದಕ್ಕುತ್ತವೆ. ಮುಖವೂ ಕಾಣುತ್ತದೆ, ದನಿಯೂ ಕೇಳುತ್ತದೆ. ಇಂಥ ಅಕ್ಷರಗಳು ನಮ್ಮ ಕೈಯಲ್ಲಿವೆ. ಆದರೆ ನಾವು ಫೋನಿನಲ್ಲಿ ಕನ್ನಡವನ್ನು ಬರೆಯುವುದು ಇಂಗ್ಲಿಷ್ ಅಕ್ಷರದಲ್ಲಿ. ಊಟ ಆಯ್ತಾ ಅಂತ ಕೇಳಲು ಎರಡು ಓ ಹಾಕುತ್ತೇವೆ.

ನಾನು ಯಾರನ್ನೂ ಬೈಯುತ್ತಿಲ್ಲ. ಅವಸರ ಇರುತ್ತದೆ, ಕೈ ಅದಕ್ಕೇ ಒಗ್ಗಿರುತ್ತದೆ. ಎಷ್ಟೋ ಫೋನುಗಳಲ್ಲಿ ಬಹಳ ಕಾಲ ಕನ್ನಡ ಕೀಬೋರ್ಡೇ ಇರಲಿಲ್ಲ. ಆದರೆ ನನ್ನ ಅಂಗಡಿಯಲ್ಲಿ ಕೂತು ನೋಡಿ, ಕಷ್ಟ ಏನು ಅಂತ ಗೊತ್ತಾಗುತ್ತದೆ. ಲಗ್ನಪತ್ರಿಕೆಯ ವಿವರ ಎಲ್ಲ ಈಗ ವಾಟ್ಸಾಪಿನಲ್ಲೇ ಬರುತ್ತದೆ, ಇಂಗ್ಲಿಷ್ ಅಕ್ಷರದಲ್ಲಿ. ನಮ್ಮ ತುಮಕೂರು ಜಿಲ್ಲೆಯಲ್ಲೇ ಹುಳಿಯಾರು ಇದೆ, ಹುಲಿಯೂರುದುರ್ಗವೂ ಇದೆ. ಒಂದರಲ್ಲಿ ಹುಳಿ, ಇನ್ನೊಂದರಲ್ಲಿ ಹುಲಿ. ಇಂಗ್ಲಿಷ್ ಅಕ್ಷರದಲ್ಲಿ ಎರಡೂ ಒಂದೇ. ಇವೆರಡು ನಮಗೆ ಗೊತ್ತಿರುವ ಊರು, ಸರಿ ಮಾಡಿಕೊಳ್ಳುತ್ತೇವೆ. ಗೊತ್ತಿಲ್ಲದ ಹಳ್ಳಿಯ ಹೆಸರು ಬಂದರೆ? ಗಂಡಿನ ಅಜ್ಜನ ಹೆಸರು ಬಂದರೆ? ಫೋನ್ ಮಾಡಿ, "ಸಾರ್, ಅದು ಲಕಾರವೋ ಳಕಾರವೋ?" ಅಂತ ಕೇಳುತ್ತೇನೆ. ಒಂದು ಪತ್ರಿಕೆಗೆ ನಾಲ್ಕು ಸಲ ಕೇಳಿದ್ದೂ ಉಂಟು. "ಹಾಲಾಯ್ತು" ಮತ್ತು "ಹಾಳಾಯ್ತು" ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಥರ ಕಾಣುತ್ತವೆ ಅಂದಮೇಲೆ, ಮದುವೆಮನೆಯ ವಿಷಯದಲ್ಲಿ ಹುಷಾರಾಗಿರಬೇಕು ಅಲ್ವಾ?

ಕನ್ನಡದಲ್ಲಿ ಟೈಪ್ ಮಾಡುವುದು ಕಷ್ಟ ಅನ್ನುವವರಿಗೆ ನಾನು ಒಬ್ಬರ ಹೆಸರು ಹೇಳುತ್ತೇನೆ. ಕೆ.ಪಿ. ರಾವ್. ಮಂಗಳೂರು ಕಡೆಯ ಕಿನ್ನಿಕಂಬಳದವರು. ಇಂಗ್ಲಿಷಿನ 26 ಕೀಲಿಗಳಲ್ಲಿ ನಮ್ಮ ಇಡೀ ವರ್ಣಮಾಲೆ ಕೂರುವ ಹಾಗೆ ಮಾಡಿದವರು ಅವರು. ಅಲ್ಪಪ್ರಾಣಕ್ಕೆ ಸುಮ್ನೆ ಒತ್ತಿ, ಮಹಾಪ್ರಾಣಕ್ಕೆ ಶಿಫ್ಟ್ ಹಿಡಿದು ಒತ್ತಿ. ಕ್ಯೂ ಒತ್ತಿದರೆ ಟ, ಶಿಫ್ಟ್ ಜೊತೆ ಕ್ಯೂ ಒತ್ತಿದರೆ ಠ. ಟಿ ಒತ್ತಿದರೆ ತ, ಶಿಫ್ಟ್ ಜೊತೆ ಥ. ಒತ್ತಕ್ಷರ ಬೇಕಾದರೆ ನಡುವೆ ಎಫ್. ಕಾಗುಣಿತ ಗೊತ್ತಿದ್ದವರಿಗೆ ಒಂದು ವಾರ ಸಾಕು. ನುಡಿ ತಂತ್ರಾಂಶದಲ್ಲಿ ಇರುವುದೂ ಇದೇ ವಿನ್ಯಾಸ, ಸರ್ಕಾರ ಮಾನ್ಯ ಮಾಡಿದ್ದೂ ಇದನ್ನೇ. ನನ್ನ ಅನ್ನ ಈ ಕೀಲಿಗಳ ಮೇಲಿದೆ. ದಿನಾ ಬೆಳಿಗ್ಗೆ ಅಂಗಡಿ ತೆರೆದು ಕೈ ಇಟ್ಟಾಗ ಮನಸ್ಸಿನಲ್ಲೇ ಅವರಿಗೊಂದು ನಮಸ್ಕಾರ ಹೋಗುತ್ತದೆ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಅನ್ನುವ ತಂತ್ರಾಂಶ ಬಂದಾಗ ಇನ್ನೊಂದು ಬಾಗಿಲು ತೆರೆಯಿತು. ದೂರದ ಊರುಗಳಲ್ಲಿದ್ದ ಎಷ್ಟೋ ಕನ್ನಡಿಗರು ಕಂಪ್ಯೂಟರಿನಲ್ಲಿ ಮೊದಲ ಸಲ ಕನ್ನಡ ಬರೆದದ್ದು ಅದರಲ್ಲೇ.

ಈಗ ಫೋನಿನಲ್ಲಿ ಇನ್ನೂ ಸುಲಭ. ನಮ್ಮಮ್ಮನನ್ನೇ ನೋಡಿ. ಅಮ್ಮ ಊರಲ್ಲಿರುತ್ತಾರೆ, ಎಪ್ಪತ್ತು ದಾಟಿದೆ. ಅವರು ಕೊನೆಯ ಸಲ ಕಾಗದ ಬರೆದದ್ದು ನಾನು ಹಾಸ್ಟೆಲಿನಲ್ಲಿದ್ದಾಗ, ನೀಲಿ ಇನ್‌ಲ್ಯಾಂಡ್ ಲೆಟರಿನಲ್ಲಿ. ಮನೆಗೆ ಫೋನ್ ಬಂದ ಮೇಲೆ ಬರೆಯುವುದೇ ನಿಂತುಹೋಯಿತು. ಇಪ್ಪತ್ತೈದು ವರ್ಷ ಅವರ ಬರಹ ನಾನು ನೋಡಿರಲಿಲ್ಲ. ಎರಡು ವರ್ಷದ ಹಿಂದೆ ಅಕ್ಕ ಅವರ ಫೋನಿಗೆ ಕನ್ನಡ ಕೀಬೋರ್ಡ್ ಹಾಕಿಕೊಟ್ಟಳು. ಒಂದು ವಾರ ಆದಮೇಲೆ ನನಗೆ ವಾಟ್ಸಾಪಿನಲ್ಲಿ ಒಂದು ಮೆಸೇಜ್ ಬಂತು:

"ಚಿ.ಸೌ. ಮಗಳಿಗೆ ಅಮ್ಮನ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ. ನಿಮ್ಮ ಕ್ಷೇಮಕ್ಕೆ ಬರೆಯುವುದು. ತರುವಾಯ, ಮಾವಿನಕಾಯಿ ಉಪ್ಪಿಗೆ ಹಾಕಿದೆ. ಬಂದಾಗ ತೆಗೆದುಕೊಂಡು ಹೋಗುವುದು."

ಅದೇ ಇನ್‌ಲ್ಯಾಂಡ್ ಲೆಟರ್! ಅದೇ "ತರುವಾಯ". ನಾನು ಅಂಗಡಿಯಲ್ಲಿ ಗಿರಾಕಿಗಳ ಮುಂದೆಯೇ ಅತ್ತುಬಿಟ್ಟೆ. ಫೋನಿನಿಂದ ಬರಹ ಸತ್ತುಹೋಯಿತು ಅಂತ ತುಂಬಾ ಜನ ಹೇಳುತ್ತಾರೆ. ನಮ್ಮನೆಯಲ್ಲಿ ಹಾಗಾಗಲಿಲ್ಲ. ಫೋನಿನಿಂದ ನಿಂತ ಬರಹ ಫೋನಿನಿಂದಲೇ ಮತ್ತೆ ಶುರುವಾಯಿತು. ಈಗ ಅಮ್ಮ ದಿನಾ ಬರೆಯುತ್ತಾರೆ. ಹಸು ಎಷ್ಟು ಹಾಲು ಕೊಟ್ಟಿತು, ಯಾರ ಮನೆಯಲ್ಲಿ ನಾಮಕರಣ, ಮಳೆ ಬಂತೋ ಇಲ್ಲವೋ. ಇಂಗ್ಲಿಷ್ ಅಕ್ಷರ ಮಾತ್ರ ಇದ್ದಿದ್ದರೆ ಈ ಒಂದು ಸಾಲೂ ಬರುತ್ತಿರಲಿಲ್ಲ.

ಅಕ್ಕನ ಮಗಳ ಕಥೆ ಮುಗಿಸುತ್ತೇನೆ. ಅವಳು ಆ ಹುಡುಗನಿಗೆ ಬರೆದಳು, ನೀನು ಕಳಿಸಿದ್ದು ನನ್ನ ಭಾಷೆಯ ಅಕ್ಷರ, ಅದಕ್ಕೆ ಒಂದು ದನಿ ಇದೆ ಅಂತ. ಅವನು ನಂಬಲಿಲ್ಲ. ಅವಳು "ಠ, ಠ" ಅಂತ ಹೇಳಿ ರೆಕಾರ್ಡ್ ಮಾಡಿ ಕಳಿಸಿದಳು. ಅವನು ಬಾಯಲ್ಲಿ ಅದನ್ನು ಹೇಳಿ ಹೇಳಿ ಮೂರು ಸಲ ಕಳಿಸಿದ. ಮೂರು ಸಲವೂ ಅವನ ಬಾಯಲ್ಲಿ ಅದು "ತ" ಆಯಿತು. ಆಮೇಲೆ ನನ್ನ ಹೆಸರು ನಿನ್ನ ಅಕ್ಷರದಲ್ಲಿ ಬರೆದು ಕೊಡು ಅಂದ. ಬರೆದು ಕೊಟ್ಟಳು. ಇವತ್ತಿಗೂ ಆ ಆಟದಲ್ಲಿ ಅವನ ಹೆಸರು ಕನ್ನಡದಲ್ಲಿದೆ. ಅವನ ಜೊತೆಯವರಿಗೆ ಅದನ್ನು ಓದಲು ಬರಲ್ಲ, ಆದರೂ ಅವನು ತೆಗೆದಿಲ್ಲ.

ರಜೆ ಮುಗಿಯುವ ಮೊದಲು ಅವಳು ಅಜ್ಜಿ ಮನೆಗೂ ಹೋಗಿದ್ದಳು. ಅಲ್ಲಿ ಅಜ್ಜಿಗೂ ಈ ಮುಖ ತೋರಿಸಿದ್ದಾಳೆ. ಅಮ್ಮನಿಗೆ ಮೊದಲು ಅದು ಮುಖ ಅಂತ ಕಾಣಲೇ ಇಲ್ಲವಂತೆ. "ಎರಡು ಠ ಬರೆದಿದ್ದೀಯ, ಮುಂದಕ್ಕೆ ಬರಿ" ಅಂದರಂತೆ. ಅವಳು ತಲೆಕಟ್ಟಿನ ಮೇಲೆ ಬೆರಳಿಟ್ಟು, ಇದು ಹುಬ್ಬು ಅಜ್ಜಿ ಅಂದಮೇಲೆ ಗೊತ್ತಾಯಿತಂತೆ.

ಹೋದ ತಿಂಗಳು ನಾನು ಊರಿಗೆ ಹೋಗಿ ಬಂದೆ. ಬಸ್ ಇಳಿದ ತಕ್ಷಣ ತಲುಪಿದೆ ಅಂತ ತಿಳಿಸಬೇಕು, ಅದು ಅಮ್ಮನ ಕಟ್ಟಪ್ಪಣೆ. ಅವತ್ತು ಅಂಗಡಿ ಮುಂದೆ ಇಬ್ಬರು ಕಾಯುತ್ತಿದ್ದರು, ಮರೆತೇಬಿಟ್ಟೆ. ರಾತ್ರಿ ಒಂಬತ್ತಕ್ಕೆ ಫೋನ್ ಟಿಣ್ ಅಂತು. ಚಿ.ಸೌ. ಇರಲಿಲ್ಲ, ಆಶೀರ್ವಾದ ಇರಲಿಲ್ಲ. ನಡುವಿನ ಅಡ್ಡಗೆರೆ ಅವರಿಗೆ ಎಲ್ಲಿದೆ ಅಂತ ಸಿಕ್ಕಿಲ್ಲ, ಕೈಗೆ ಸಿಕ್ಕ ಗೀಟು ಹಾಕಿದ್ದರು:

ಠ - ಠ